ಫೋನಿನ ಪರದೆಗೂ ರುಚಿ ನೋಡುವವರು ಬೇಕು

ಪ್ರಯೋಗಶಾಲೆ ಎಂದೊಡನೆ ನಮಗೆಲ್ಲ ನೆನಪಿಗೆ ಬರುವುದು ಹೈಸ್ಕೂಲಿನ ಗಾಜಿನ ನಳಿಕೆ, ಸ್ಪಿರಿಟ್ ದೀಪ, ಮೂಗಿಗೆ ಹತ್ತುವ ಗಂಧಕದ ವಾಸನೆ. ಆದರೆ ನಮ್ಮ ನಗರ್ತಪೇಟೆಯ ಓಣಿಯಲ್ಲಿ, ಕೆಳಗೆ ಬಟ್ಟೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ ಇರುವ ಕಡೆಯೂ ಒಂದು ಪ್ರಯೋಗಶಾಲೆ ನಡೆಯುತ್ತದೆ ಎಂದರೆ ನಂಬುತ್ತೀರಾ? ಮಹಡಿ ಮನೆಯ ಹುಡುಗಿ ಒಂದು ಲ್ಯಾಪ್‌ಟಾಪ್ ಮುಂದೆ ಕೂತು ಅದನ್ನು ನಡೆಸುತ್ತಾಳೆ. ‘ವರ್ಚುವಲ್ ಲ್ಯಾಬ್’ ಅಂತಾರೆ ಅದಕ್ಕೆ. ಗೋಡೆಯಿಲ್ಲ, ಬೀರುವಿಲ್ಲ.

ಅಲ್ಲಿ ನಡೆಯುವ ಪರೀಕ್ಷೆ ಏನು ಗೊತ್ತೇ? ಒಂದೇ ಅಳತೆಯ ದೋಸೆ ಹಿಟ್ಟು ಕಬ್ಬಿಣದ ಕಾವಲಿಯ ಮೇಲೆ ಒಂದು ಥರ ಏಳುತ್ತದೆ, ನಾನ್‌ಸ್ಟಿಕ್ ಮೇಲೆ ಇನ್ನೊಂದು ಥರ. ಹಾಗೆಯೇ ಗ್ಯಾಸ್ ಬುಕ್ ಮಾಡುವ, ಬ್ಯಾಂಕಿನ ಹಣ ನೋಡುವ ಪರದೆ ಐಫೋನಿನಲ್ಲಿ ಒಂದು ಬಗೆ, ಆಂಡ್ರಾಯ್ಡ್‌ನಲ್ಲಿ ಒಂದು ಬಗೆ, ಕಂಪ್ಯೂಟರಿನಲ್ಲಿ ಮತ್ತೊಂದು ಬಗೆ ಕಾಣುತ್ತದೆ. ತಯಾರಿಸಿದವರ ಹೊಸ ಫೋನಿನಲ್ಲಿ ಚೆನ್ನಾಗಿಯೇ ಇರುತ್ತದೆ. ಮಗ ಬಳಸಿ ಬಿಟ್ಟ ಹಳೆಯ ಫೋನು ನಮ್ಮ ಕೈಗೆ ಬಂದಿರುತ್ತದಲ್ಲ, ಎಡವಟ್ಟಾಗುವುದು ಅದರಲ್ಲಿ.

ನಮ್ಮ ಕನ್ನಡಕ್ಕಂತೂ ಇದರ ಕಾಟ ಹೆಚ್ಚು. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ. ನಮ್ಮವು ಒಂದರ ಕೆಳಗೊಂದು ಇಳಿಯುತ್ತವೆ. ಗುಂಡಿಯ ಎತ್ತರ ಇಂಗ್ಲಿಷಿನ ಅಳತೆಗೆ ಇಟ್ಟರೆ ಒತ್ತಕ್ಷರದ ಕಾಲೇ ಕತ್ತರಿಸಿ ಹೋಗುತ್ತದೆ. ಹಳೆಯ ಫೋನುಗಳಲ್ಲಿ ‘ರಾಷ್ಟ್ರ’ದಂಥ ಪದ ಒಡೆದು ಚೂರುಚೂರಾಗಿ ಕಾಣುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಪದ ಉದ್ದವಾದರೂ ತಾಪತ್ರಯವೇ. ‘ಮುಂದುವರಿಯಿರಿ’ ಎಂಬುದು ಚಿಕ್ಕ ಪರದೆಯಲ್ಲಿ ‘ಮುಂದು’ ಅಂತ ನಿಂತುಬಿಟ್ಟರೆ ಒತ್ತಬೇಕೋ ಬೇಡವೋ?

ಇದನ್ನೆಲ್ಲ ಹಿಡಿಯಲು ನೂರು ಫೋನು ಕೊಳ್ಳಬೇಕಾಗಿಲ್ಲ. ಆಂಡ್ರಾಯ್ಡ್ ಫೋನನ್ನೇ ಕಂಪ್ಯೂಟರಿನೊಳಗೆ ಅನುಕರಿಸಿ ತೋರಿಸುವ ‘ಎಮ್ಯುಲೇಟರ್’ ಬಿಟ್ಟಿಯಾಗಿ ಸಿಗುತ್ತದೆ. ಐಫೋನಿನದಕ್ಕೆ ಮಾತ್ರ ಆ್ಯಪಲ್ ಕಂಪನಿಯ ಕಂಪ್ಯೂಟರೇ ಬೇಕು. ಇನ್ನೊಂದು ದಾರಿಯೂ ಉಂಟು. ನಿಜವಾದ ಫೋನುಗಳನ್ನು ಎಲ್ಲೋ ಕಪಾಟಿನಲ್ಲಿ ಸಾಲಾಗಿ ಜೋಡಿಸಿಟ್ಟು, ಇಂಟರ್‌ನೆಟ್ ಮೂಲಕ ಬಾಡಿಗೆಗೆ ಕೊಡುತ್ತಾರೆ. ಇಲ್ಲಿ ಕೂತು ಅಲ್ಲಿಯ ಫೋನು ಒತ್ತಬಹುದು! 2011ರಲ್ಲಿ ಶುರುವಾದ ಬ್ರೌಸರ್‌ಸ್ಟ್ಯಾಕ್ ಎಂಬ ನಮ್ಮ ದೇಶದವರೇ ಕಟ್ಟಿದ ಕಂಪನಿಗೆ ಇದೇ ಕಸುಬು.

ಇಷ್ಟಾದರೆ ಯಂತ್ರದ ಪರೀಕ್ಷೆ ಮುಗಿಯಿತು. ಮನುಷ್ಯರ ಪರೀಕ್ಷೆ? ಹಿಟ್ಟು ಕಲಸಿದ ಒದ್ದೆ ಬೆರಳು, ಅಂಗಳದ ಬಿಸಿಲಿಗೆ ಮಂಕಾದ ಪರದೆ, ಚಾಳೀಸಿನ ಕಣ್ಣು ಯಾವ ಎಮ್ಯುಲೇಟರಿಗೂ ಗೊತ್ತಿಲ್ಲ. ಅದಕ್ಕೇ ನಮ್ಮಂಥವರನ್ನು ವಿಡಿಯೋ ಕರೆಯಲ್ಲಿ ಕೂರಿಸಿಕೊಂಡು, ಪರದೆ ಹಂಚಿಕೊಂಡು, ‘ಈ ಬಿಲ್ಲು ಕಟ್ಟಿ ನೋಡೋಣ’ ಎನ್ನುತ್ತಾರೆ. ನಡೆಸುವವರು ಬಾಯಿ ಬಿಡಬಾರದು, ಅದೇ ಇದರ ಮುಖ್ಯ ನಿಯಮ. ನಾವು ಎಲ್ಲಿ ತಡವರಿಸಿದೆವು, ಎಲ್ಲಿ ಹಿಂದಕ್ಕೆ ಬಂದೆವು ಎಂಬುದನ್ನು ಬರೆದುಕೊಳ್ಳಬೇಕು. ಜೇಕಬ್ ನೀಲ್ಸನ್ ಎಂಬ ತಜ್ಞರು ಐದು ಜನರನ್ನು ಕೂರಿಸಿದರೆ ಸಾಕು, ಸುಮಾರು 85 ಪಾಲು ಕುಂದು ಕಾಣಿಸಿಕೊಳ್ಳುತ್ತದೆ ಎಂದು 2000ದಲ್ಲಿ ಬರೆದಿದ್ದರು. ಆ ಐದೂ ಜನ ಕಾಲೇಜು ಹುಡುಗರೇ ಆದರೆ ಏನು ಬಂತು ಭಾಗ್ಯ, ಎನ್ನುವುದು ನನ್ನ ಮಾತು.

ಹೀಗೆ ಬಳಸುವವರ ಹತ್ತಿರವೇ ಹೋದವರ ಒಂದು ಕಥೆ ನಮ್ಮ ಬೆಂಗಳೂರಿನದೇ ಇದೆ. 2005ರಲ್ಲಿ ಇಲ್ಲಿ ಆರಂಭವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಇಂದ್ರಾಣಿ ಮೇಧಿ ಮತ್ತು ಸಂಗಡಿಗರು ಕೊಳೆಗೇರಿಗಳಿಗೆ ಹೋಗಿ, ಮನೆಗೆಲಸದ ಹೆಂಗಸರ ಜೊತೆ ಕೂತು, ಓದು ಬಾರದವರೂ ಕೆಲಸ ಹುಡುಕಿಕೊಳ್ಳುವಂಥ ಪರದೆಯೊಂದನ್ನು ರೂಪಿಸಿದರು. ಅಕ್ಷರವೇ ಇಲ್ಲ, ಬರೀ ಚಿತ್ರ, ಧ್ವನಿ ಮತ್ತು ಅಂಕಿ. ಚಿತ್ರ ಸುಮ್ಮನೆ ನಿಂತಿದ್ದರೆ ಆ ಹೆಂಗಸರು ಅದನ್ನು ಯಾವುದೋ ಜಾಗ, ಯಾವುದೋ ಸಾಮಾನು ಎಂದುಕೊಳ್ಳುತ್ತಿದ್ದರಂತೆ. ನಲ್ಲಿಯಿಂದ ನೀರು ಸುರಿಯುವಂತೆ ಗುರುತು ಸೇರಿಸಿದ ಮೇಲೆ ‘ಓ, ಇದು ತೊಳೆಯೋ ಕೆಲಸ’ ಎಂದು ಹೊಳೆಯಿತು. ಆಫೀಸಿನಲ್ಲೇ ಕೂತು ಎಷ್ಟು ತಲೆ ಕೆರೆದುಕೊಂಡರೂ ಇದು ತಿಳಿಯುತ್ತಿತ್ತೇ?

ನಮ್ಮ ಓಣಿಯಲ್ಲೂ ಆ ಹುಡುಗಿ ಐವರು ಹೆಂಗಸರನ್ನು ಕೂರಿಸಿದ್ದಳು. ‘ಗುಪ್ತಪದ’ ಎಂದಲ್ಲಿ ಮೂವರು ನಿಂತುಬಿಟ್ಟರು. ‘ಪಾಸ್‌ವರ್ಡ್ ಅಂತ ಹಾಕಬಾರದೇನಮ್ಮ?’ ಎಂದರು ಒಬ್ಬರು ಅಜ್ಜಿ. ಪಕ್ಕದ ಮನೆಯಾಕೆ ‘ಅಯ್ಯೋ, ನಂಗೆ ತಿಳಿಯೋಲ್ಲ, ನಾನು ದಡ್ಡಿ’ ಅಂತ ಫೋನು ಕೆಳಗಿಟ್ಟರು. ನೋಡಿದರೆ, ಅವರ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿದ್ದರಿಂದ ಒತ್ತಬೇಕಾದ ಗುಂಡಿಯೇ ಪರದೆಯ ಆಚೆ ಹೋಗಿ ಕೂತಿತ್ತು!

ನಿಮ್ಮನ್ನೂ ಯಾರಾದರೂ ಹೀಗೆ ಕರೆದರೆ ಸಂಕೋಚ ಬಿಟ್ಟು ಕೂತ್ಕೊಳ್ಳಿ, ತೋಚಿದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಒತ್ತಿ. ಆದರೆ ಕರೆದವರು ಪರಿಚಯದವರೇ ಎಂದು ಮೊದಲು ವಿಚಾರಿಸಿಕೊಳ್ಳಿ. ಪರೀಕ್ಷೆಗೆಂದೇ ಮಾಡಿದ ಸುಳ್ಳು ಹೆಸರು, ಸುಳ್ಳು ಖಾತೆ ಅವರೇ ಕೊಡಬೇಕು. ನಿಮ್ಮ ನಿಜವಾದ ಪಿನ್ನು, ಓಟಿಪಿ ಕೇಳಿದರೆ ಆ ಕ್ಷಣವೇ ಕರೆ ಮುಗಿಸಿ. ಪರದೆ ಹಂಚುವ ಮುಂಚೆ ಮೆಸೇಜು, ಫೋಟೋಗಳನ್ನೆಲ್ಲ ಮುಚ್ಚಿಡುವುದನ್ನೂ ಮರೆಯಬೇಡಿ.