ಬಿಲ್ಲು ಕೊಳ್ಳುವ ಮುನ್ನ ನೀರಿನ ಕ್ಯಾನು ಎತ್ತಿ

ಇಪ್ಪತ್ತು ಲೀಟರಿನ ನೀರಿನ ಕ್ಯಾನಿಗೆ ಹಗ್ಗ ಕಟ್ಟಿ, ಬಲಗೈಯ ಮೂರೇ ಬೆರಳಲ್ಲಿ ಎತ್ತಿ ಹತ್ತು ಎಣಿಸುವವರೆಗೆ ಹಿಡಿದುಕೋ ಅಂದೆ. ಪಕ್ಕದ ರಸ್ತೆಯ ಹುಡುಗ ನಾಲ್ಕು ಎಣಿಸುವಷ್ಟರಲ್ಲಿ ಕ್ಯಾನನ್ನು ನಮ್ಮ ವರಾಂಡದ ಕೆಂಪು ನೆಲದ ಮೇಲೆ ಕುಕ್ಕಿದ. ನೆಲಕ್ಕೇನೂ ಆಗಲಿಲ್ಲ, ಅವನ ಹುಮ್ಮಸ್ಸು ಮಾತ್ರ ಒಂದಿಷ್ಟು ಇಳಿಯಿತು. ಅವನು ಮೊಬೈಲಿನಲ್ಲಿ ಆರಿಸಿಟ್ಟಿದ್ದ ಬಿಲ್ಲು 45 ಪೌಂಡಿನದು. 45 ಪೌಂಡೆಂದರೆ 20 ಕಿಲೋಗೆ ತುಸು ಮೇಲೆ. ಅಂಥ ಬಿಲ್ಲನ್ನು ಪೂರ್ತಿ ಎಳೆದು ಗುರಿ ನೋಡುವುದೂ ಒಂದೇ, ಈ ಕ್ಯಾನನ್ನು ಒಂದು ಕೈಯಲ್ಲಿ ತೂಗುಹಾಕಿಕೊಂಡು ಸೂಜಿಗೆ ದಾರ ಪೋಣಿಸುವುದೂ ಒಂದೇ.

ಮೈಸೂರಿನ ನಮ್ಮ ಜಯಲಕ್ಷ್ಮಿಪುರಂನಲ್ಲಿ ಬಿಲ್ಲುವಿದ್ಯೆಯ ಹುಚ್ಚು ಯಾಕೆ ಹತ್ತಿತೋ ಕೇಳಲಿಲ್ಲ. ಹುಡುಗನ ಬಳಿ ಮೊದಲ ಸಂಬಳಗಳಲ್ಲಿ ಉಳಿಸಿದ ಹತ್ತು ಸಾವಿರ ರೂಪಾಯಿ ಇತ್ತು. ಅವನಿಗೆ ಬೇಕಾಗಿದ್ದದ್ದು ಒಲಿಂಪಿಕ್ಸ್‌ನಲ್ಲಿ ಕಾಣುವ, ಉದ್ದುದ್ದ ಕಡ್ಡಿಗಳನ್ನೆಲ್ಲ ಸಿಕ್ಕಿಸಿಕೊಂಡ ಬಿಲ್ಲಲ್ಲ. ಅದರ ಪೂರ್ತಿ ಸೆಟ್ಟಿಗೆ ಲಕ್ಷಗಟ್ಟಲೆ ಸುರಿಯಬೇಕು. ಅಂಗಡಿಯವರು ಲಾಂಗ್‌ಬೋ ಎನ್ನುವ ಸಾದಾ ಉದ್ದಬಿಲ್ಲು ಸಾಕು. "ಆದ್ರೆ ಅಂಕಲ್, ಕಮ್ಮಿ ಪೌಂಡಿಂದು ತಗೊಂಡ್ರೆ ಆಟದ ಸಾಮಾನಿನ ಥರ ಇರಲ್ವಾ?" ಎಂಬ ಒಂದೇ ಅನುಮಾನ ಅವನನ್ನು ಕೊರೆಯುತ್ತಿತ್ತು.

ಇಲ್ಲ, ಇರುವುದಿಲ್ಲ. ಯಾಕೆಂದು ತಿಳಿಯಲು ಬಿಲ್ಲು ಮಾಡುವ ಕೆಲಸವೇನೆಂದು ನೋಡಬೇಕು. 30 ಪೌಂಡಿನ, ಎಂದರೆ 13.6 ಕಿಲೋದ ಬಿಲ್ಲನ್ನೇ ತೆಗೆದುಕೊಳ್ಳಿ. ಹೆದೆಯೇರಿಸಿದ ಬಿಲ್ಲಿನಲ್ಲಿ ಹೆದೆ ಮೊದಲೇ ಆರೇಳು ಅಂಗುಲ ಆಚೆ ಇರುತ್ತದೆ. ಅಲ್ಲಿಂದ ಗಲ್ಲದವರೆಗೆ ಎಳೆಯುವ ದೂರ ಸುಮಾರು 53 ಸೆಂಟಿಮೀಟರ್. ಎಳೆದಷ್ಟೂ ಬಿಗಿ ಏರುತ್ತಾ ಹೋಗುವ ಈ ಎಳೆತದಲ್ಲಿ ಬಿಲ್ಲಿಗೆ ತುಂಬುವ ಶಕ್ತಿ ಸುಮಾರು 35 ಜೂಲ್. ಒಂದು ಲೀಟರಿನ ಹಾಲಿನ ಪ್ಯಾಕೆಟ್ಟನ್ನು ನೆಲದಿಂದ ಮೊದಲ ಮಹಡಿಗೆ ಎತ್ತಿಡಲು ಬೇಕಾಗುವುದೂ ಅಷ್ಟೇ. ಅಜ್ಜಿಯರು ದಿನಾ ಮಾಡುವ ಕೆಲಸ.

ಹಾಗಾದರೆ ಬಿಲ್ಲಿನ ಹೆಚ್ಚುಗಾರಿಕೆ ಎಲ್ಲಿದೆ? ಸಮಯದಲ್ಲಿ. ನಾವು ಎರಡು ಸೆಕೆಂಡು ತೆಗೆದುಕೊಂಡು ನಿಧಾನವಾಗಿ ತುಂಬಿದ ಶಕ್ತಿಯನ್ನು ಬಿಲ್ಲು ಒಂದು ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ವಾಪಸು ಕೊಡುತ್ತದೆ. ನಮ್ಮ ತೋಳು ಕೊಟ್ಟದ್ದು ಹದಿನೇಳು-ಹದಿನೆಂಟು ವ್ಯಾಟ್, ಒಂದು ಎಲ್‌ಇಡಿ ಬಲ್ಬಿನಷ್ಟು. ಬಿಲ್ಲು ಬಿಡುವುದು ಸಾವಿರದ ಏಳುನೂರು ವ್ಯಾಟ್‌ಗೂ ಮೇಲೆ, ಅಡುಗೆಮನೆಯ ಎರಡು ಮಿಕ್ಸಿಗಳನ್ನು ಒಟ್ಟಿಗೆ ತಿರುಗಿಸುವಷ್ಟು. ನಮ್ಮ ಸ್ನಾಯುಗಳು ಬಲಶಾಲಿ, ಆದರೆ ಮಂದಗತಿಯವು. ಮರದ ನಾರು ಹಾಗಲ್ಲ, ಬಿಟ್ಟ ಕೂಡಲೇ ಚಿಮ್ಮುತ್ತದೆ.

ಆ 35 ಜೂಲ್ ಪೂರ್ತಿ ಬಾಣಕ್ಕೆ ಸಿಗುವುದಿಲ್ಲ. ಬಿಲ್ಲಿನ ರೆಕ್ಕೆಗಳು ಮತ್ತು ಹೆದೆ ತಾವೂ ಓಡಬೇಕಲ್ಲ, ಅವು ತಮ್ಮ ಪಾಲು ಕೀಳುತ್ತವೆ. ಸಾದಾ ಬಿಲ್ಲಿನಲ್ಲಿ ನೂರಕ್ಕೆ ಅರವತ್ತರಷ್ಟು ಬಾಣಕ್ಕೆ ಸೇರಿತೆಂದುಕೊಳ್ಳೋಣ. 25 ಗ್ರಾಮಿನ ಬಾಣ ಆಗ ಗಂಟೆಗೆ 145 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಮೈಸೂರಿನವರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು: ನಮ್ಮೂರ ವೇಗದ ಬೌಲರ್ ಜಾವಗಲ್ ಶ್ರೀನಾಥ್ ಪೂರ್ಣ ಭರದಲ್ಲಿ ಎಸೆದ ಚೆಂಡಿನ ವೇಗ. "ಮಕ್ಕಳ ಬಿಲ್ಲು" ಎಂದು ಹುಡುಗ ಮೂಗು ಮುರಿದ 30 ಪೌಂಡಿನ ಲೆಕ್ಕ ಇದು. ಈ ಬಾಣ ನೂರು ಮೀಟರ್ ದಾಟಿಯೂ ಹೋಗಬಲ್ಲದು. ನಮ್ಮ ಬಡಾವಣೆಯ 40-60ರ ಸೈಟಿನ ಉದ್ದ ಹದಿನೆಂಟೇ ಮೀಟರ್. ಆದ್ದರಿಂದ ತಾರಸಿಯ ಮೇಲೆ ಅಭ್ಯಾಸದ ಮಾತು ಬೇಡವೇ ಬೇಡ. ಹಿಂದೆ ಮಣ್ಣಿನ ಗೋಡೆಯೋ ದಿಬ್ಬವೋ ಇರುವ, ಹೇಳಿಕೊಡುವವರಿರುವ ಮೈದಾನಕ್ಕೇ ಹೋಗಬೇಕು.

ಬಿಲ್ಲು ಯಾವುದರದ್ದಿರಬೇಕು, ಎಷ್ಟು ಉದ್ದವಿರಬೇಕು? ಇದಕ್ಕೆ ನಾನು ಬಲ್ಲ ಅತಿ ಹಳೆಯ ಪಟ್ಟಿ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಶತಮಾನಗಳ ಕಾಲ ಕಳೆದೇಹೋಗಿತ್ತು ಎನ್ನಲಾದ ಆ ಗ್ರಂಥದ ತಾಳೆಗರಿ ಪ್ರತಿ 1905ರಲ್ಲಿ ಕಣ್ಣಿಗೆ ಬಿದ್ದದ್ದು ನಮ್ಮ ಮೈಸೂರಿನಲ್ಲೇ, ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳಿಗೆ. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಇಂದು ಆ ಲೈಬ್ರರಿ ಪ್ರಾಚ್ಯವಿದ್ಯಾ ಸಂಶೋಧನಾಲಯ. ಜಯಲಕ್ಷ್ಮಿಪುರಂನಿಂದ ಸ್ಕೂಟರಿನಲ್ಲಿ ಹೊರಟರೆ ಹತ್ತು-ಹದಿನೈದು ನಿಮಿಷ. ಆಯುಧಾಗಾರದ ಅಧಿಕಾರಿಗೆ ಹೇಳಿದ ಅಧ್ಯಾಯದಲ್ಲಿ ಬಿಲ್ಲಿಗೆ ನಾಲ್ಕು ಸಾಮಗ್ರಿಗಳು ಬರುತ್ತವೆ: ತಾಳೆ, ಬಿದಿರು, ಮರ, ಕೊಂಬು. ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗವೆಂಬ ಹೆಸರು ಬಂದದ್ದೂ ಶೃಂಗದಿಂದಲೇ, ಎಂದರೆ ಕೊಂಬಿನದ್ದು. ಹೆದೆಗೆ ಎಕ್ಕದ ನಾರು, ಸೆಣಬು, ಬಿದಿರು, ಪ್ರಾಣಿಗಳ ನರ ಇತ್ಯಾದಿ. ಇನ್ನು ಅಳತೆಯ ಅಧ್ಯಾಯಕ್ಕೆ ಬಂದರೆ 'ಧನುಸ್ಸು' ಎಂಬುದೇ ಒಂದು ಮಾನ: ನಾಲ್ಕು ಮೊಳ, ಎಂದರೆ ಹೆಚ್ಚುಕಡಿಮೆ ಆರು ಅಡಿ.

ಆರು ಅಡಿಯ ಬಿಲ್ಲು! ಅಲೆಗ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಕಂಡು ಬರೆದದ್ದನ್ನು ಏರಿಯನ್ ಎಂಬ ಗ್ರೀಕ್ ಇತಿಹಾಸಕಾರ ಉಳಿಸಿಕೊಟ್ಟಿದ್ದಾನೆ. ಭಾರತದ ಕಾಲಾಳಿನ ಬಿಲ್ಲು ಅದನ್ನು ಹಿಡಿದವನಷ್ಟೇ ಎತ್ತರವಂತೆ. ಅದರ ತುದಿಯನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಎಳೆಯುತ್ತಿದ್ದರಂತೆ. ಉದ್ದಬಿಲ್ಲೆಂದರೆ ಇಂಗ್ಲೆಂಡಿನ ಸ್ವತ್ತೆಂದು ನಂಬಿದವರಿಗೆ ಈ ಎರಡು ಪುರಾವೆಗಳು ಸಾಕು. ತೀರಾ ಈಚೆಗೂ, 1802ರಲ್ಲಿ, ನಮ್ಮ ಹೆಗ್ಗಡದೇವನಕೋಟೆಯ ಕಾಡಿನಾಚೆಯ ವಯನಾಡಿನಲ್ಲಿ ತಲಕ್ಕಲ್ ಚಂದು ಮುಂದಾಳಾಗಿದ್ದ ಕುರಿಚಿಯ ಬುಡಕಟ್ಟಿನವರು ಬಿಲ್ಲು ಬಾಣ ಹಿಡಿದು ಹೋಗಿ ಪನಮರಂನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಠಾಣ್ಯವನ್ನು ವಶಪಡಿಸಿಕೊಂಡಿದ್ದರು.

ಉದ್ದ ಯಾಕೆ ಬೇಕೆಂಬುದಕ್ಕೆ ಲೆಕ್ಕವಿದೆ. ಬಿಲ್ಲು ಗಿಡ್ಡವಾದಷ್ಟೂ ಪೂರ್ತಿ ಎಳೆದಾಗ ಹೆದೆ ಸಿಕ್ಕಿಸುವ ಕೊಪ್ಪಿನ ಬಳಿ ಹೆದೆ ಮತ್ತು ರೆಕ್ಕೆಯ ನಡುವಿನ ಕೋನ ಬೇಗ ಅಗಲವಾಗುತ್ತದೆ. ಅದು ಲಂಬಕೋನವನ್ನು ದಾಟಿದರೆ ಎಳೆತದ ಒಂದು ಪಾಲು ರೆಕ್ಕೆಯನ್ನು ಬಗ್ಗಿಸುವ ಬದಲು ಉದ್ದಕ್ಕೆ ಜಗ್ಗುವುದರಲ್ಲಿ ಕಳೆಯುತ್ತದೆ, ಕೊನೆಯ ಎರಡು ಅಂಗುಲ ಗೋಡೆಯನ್ನು ಎಳೆದ ಹಾಗಿರುತ್ತದೆ. ಬೆರಳಿಗೂ ಹಿಂಸೆ. ಉದ್ದಬಿಲ್ಲಿನಲ್ಲಿ ಎಳೆತ ಕೊನೆಯವರೆಗೂ ನಯ. ಎರಡೂ ಕೈ ಚಾಚಿ ನಿಂತು ಬೆರಳ ತುದಿಯಿಂದ ತುದಿಗೆ ಅಳೆಯಿರಿ, ಎರಡೂವರೆಯಿಂದ ಭಾಗಿಸಿ. ನಿಮ್ಮ ಎಳೆತದ ಉದ್ದ ಸಿಗುತ್ತದೆ. ನಮ್ಮ ಹುಡುಗನಿಗೆ 68 ಅಂಗುಲ ಬಂತು, ಎಳೆತ 27 ಅಂಗುಲ ಚಿಲ್ಲರೆ. ಅವನಿಗೆ 66 ಅಥವಾ 68 ಅಂಗುಲದ ಬಿಲ್ಲು ಸರಿ. ಬಿಲ್ಲಿನ ಮೇಲೆ ಬರೆದಿರುವ ಪೌಂಡು 28 ಅಂಗುಲ ಎಳೆದಾಗಿನ ಲೆಕ್ಕ. ಒಂದಂಗುಲ ಕಮ್ಮಿ ಎಳೆಯುವವರಿಗೆ ಎರಡು ಮೂರು ಪೌಂಡು ಇಳಿಯುತ್ತದೆ, ಉದ್ದ ತೋಳಿನವರಿಗೆ ಅಷ್ಟೇ ಏರುತ್ತದೆ.

ಸಾಮಗ್ರಿಯ ವಿಷಯಕ್ಕೆ ಅವನನ್ನು ಬಂಬೂ ಬಜಾರಿಗೆ ಕರೆದುಕೊಂಡು ಹೋದೆ. ಅಲ್ಲಿನ ಮೇದರ ಬ್ಲಾಕಿನಲ್ಲಿ ಬಿಲ್ಲು ಮಾರುವುದಿಲ್ಲ. ಏಣಿ, ಮೊರ, ಬುಟ್ಟಿ, ಚಪ್ಪರದ ಗಳ ಸಿಗುತ್ತವೆ. ಆದರೆ ಬಿದಿರಿನ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಬುಟ್ಟಿ ಹೆಣೆಯುತ್ತಿದ್ದ ಹಿರಿಯರೊಬ್ಬರನ್ನು ಕೇಳಿಕೊಂಡಾಗ ಒಂದು ದಬ್ಬೆ ಸೀಳಿ ಕೊಟ್ಟರು. ಹಸಿರು ಸಿಪ್ಪೆ ಹೊರಮೈಗೆ ಬರುವಂತೆ ಮಂಡಿಗೆ ಒತ್ತಿ ಬಗ್ಗಿಸಿದರೆ ಅದು ಕಮಾನಿನಂತೆ ಬಾಗಿ ನಿಂತಿತು. ತಿರುಗಿಸಿ, ಬಿಳಿ ತಿರುಳು ಹೊರಗೆ ಬರುವಂತೆ ಬಗ್ಗಿಸಿದ್ದೇ ಚಟ್ ಎಂದು ಸಿಗುರೆದ್ದಿತು. "ಅದ್ಯಾಕ್ ಹಂಗ್ ಬಗ್ಗಿಸ್ತೀರಾ ಸಾಮಿ, ಸಿಪ್ಪೇಲೇ ಇರೋದು ಜೀವ" ಎಂದರು.

ವಿಜ್ಞಾನ ಹೇಳುವುದೂ ಅದನ್ನೇ. ಬಾಗಿದ ಯಾವುದೇ ವಸ್ತುವಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಬಿದಿರಿನ ಗಟ್ಟಿ ನಾರುಗಳು ಸಿಪ್ಪೆಯ ಕಡೆ ಒತ್ತೊತ್ತಾಗಿವೆ, ಜಗ್ಗುವುದನ್ನು ತಡೆಯುತ್ತವೆ. ಒಳಗಿನ ಮೆದು ತಿರುಳಿನಲ್ಲಿ ನಾರು ಕಮ್ಮಿ, ಆದರೆ ಅದು ಹಿಸುಕುವುದನ್ನು ಮುರಿಯದೆ ಸಹಿಸುತ್ತದೆ. ಇಂಗ್ಲಿಷರು ಹೊಗಳುವ ಯೂ ಮರದಲ್ಲೂ ಇದೇ ಜೋಡಿ. ಹೊರಗಿನ ಬಿಳಿ ಮರ ಹಿಗ್ಗಲು, ಒಳಗಿನ ಕೆಂಚು ಚೇಗು ಕುಗ್ಗಲು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಮೇರಿ ರೋಸ್ ಹಡಗಿನಲ್ಲಿ ಸಿಕ್ಕ ನೂರಕ್ಕೂ ಹೆಚ್ಚು ಬಿಲ್ಲುಗಳು ಯೂ ಮರದವು. ಅವುಗಳಲ್ಲಿ ಬಹುಪಾಲು 100 ಪೌಂಡಿಗೂ ಮಿಗಿಲೆಂದು ಅಂದಾಜು. ಅದೇ ಹಡಗಿನ ಅಸ್ಥಿಪಂಜರಗಳಲ್ಲಿ ಭುಜದ ಮೂಳೆಯ ತುದಿ ಬೆಸೆದುಕೊಳ್ಳದೆ ಬೇರೆಯಾಗಿಯೇ ಉಳಿದ ಉದಾಹರಣೆಗಳು ಹಲವಿವೆ. ಎಳೆಯ ವಯಸ್ಸಿನಿಂದ ಭಾರದ ಬಿಲ್ಲು ಎಳೆದದ್ದರ ಗುರುತು ಅದು ಎನ್ನುತ್ತಾರೆ ಮೂಳೆ ತಜ್ಞರು. 45 ಪೌಂಡಿಗೆ ಆಸೆಪಡುವವರು ಇದನ್ನು ಎರಡು ಸಲ ಓದಲಿ.

ಕಡಿಮೆ ದುಡ್ಡಿಗೆ ನನ್ನ ಮತ ಬಿದಿರಿಗೇ. ಕೆಲವೇ ಸಾವಿರಕ್ಕೆ ಸಿಗುವ ಬಿದಿರಿನ ಬಿಲ್ಲಿಗೆಂದೇ ನಮ್ಮ ದೇಶದಲ್ಲಿ ಇಂಡಿಯನ್ ರೌಂಡ್ ಎಂಬ ಸ್ಪರ್ಧೆ ಇದೆ, 30 ಮತ್ತು 50 ಮೀಟರಿನಲ್ಲಿ. ರಾಂಚಿಯ ಬಿಲ್ಲುಗಾರ್ತಿ ದೀಪಿಕಾ ಕುಮಾರಿ ಶುರುಮಾಡಿದ್ದು ಮನೆಯಲ್ಲೇ ಮಾಡಿದ ಬಿದಿರಿನ ಬಿಲ್ಲಿನಿಂದ. ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲವರು ಬಿದಿರಿನ ಪಟ್ಟಿಗೆ ಎರಡೂ ಕಡೆ ಫೈಬರ್‌ಗ್ಲಾಸ್ ಅಂಟಿಸಿದ್ದನ್ನು ಕೊಳ್ಳಬಹುದು. ಮಳೆಗಾಲದ ತೇವಕ್ಕೆ ಅದು ಜಗ್ಗುವುದಿಲ್ಲ. ಆದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಅಂಟು ಸಡಿಲವಾದೀತು. ಬರೀ ಬಿದಿರಿನದ್ದಾದರೆ ಕುಟ್ಟೆ ಹಿಡಿದಿದೆಯೇ ನೋಡಿ, ಗೆಣ್ಣುಗಳ ಹತ್ತಿರ ಉಗುರಾಡಿಸಿ, ಆಡಿದ ಮೇಲೆ ಹೆದೆ ಇಳಿಸಿಡಿ. ಹೆದೆಯೇರಿಸಿಯೇ ಗೋಡೆಗೆ ನೇತುಹಾಕಿದ ಮರದ ಬಿಲ್ಲು ಸಿನಿಮಾದಲ್ಲಿ ಚೆಂದ, ಮನೆಯಲ್ಲಿ ಅದು ಬಾಗಿದಂತೆಯೇ ಉಳಿದು ಬಲ ಕಳೆದುಕೊಳ್ಳುತ್ತದೆ.

ಪೌಂಡು? ದೊಡ್ಡವರಿಗೆ ಆರಂಭಕ್ಕೆ 25ರಿಂದ 30. ಬಿಲ್ಲು ನಿಮ್ಮನ್ನು ಎಳೆಯಬಾರದು.

ಬಿಲ್ಲಿನಲ್ಲಿ ಉಳಿಸಿದ ದುಡ್ಡನ್ನು ಬಾಣಕ್ಕೆ ಹಾಕಿ. ಇಲ್ಲಿ ಬಹಳ ಜನ ಎಡವುತ್ತಾರೆ. ಸಾದಾ ಬಿಲ್ಲಿನಲ್ಲಿ ಬಾಣ ನಡುವಿನಿಂದ ಹೋಗುವುದಿಲ್ಲ, ಮರದ ಹಿಡಿಯ ಪಕ್ಕದಿಂದ ಹೋಗುತ್ತದೆ. ಹಾಗಿದ್ದ ಮೇಲೆ ಅದು ಓರೆಯಾಗಿ ಹಾರಬೇಕಿತ್ತು. ಆದರೂ ನೇರ ಹೋಗಿ ಗುರಿಗೆ ನಾಟುತ್ತದೆ. ಈ ಒಗಟು ಬಿಡಿಸಿದ್ದು 1930ರ ದಶಕದಲ್ಲಿ ಅಮೆರಿಕದಲ್ಲಿ ತೆಗೆದ ಅತಿವೇಗದ ಚಿತ್ರಗಳು. ಹೆದೆ ಬಿಟ್ಟ ಕ್ಷಣ ಬಾಣ ಹಾವಿನಂತೆ ಬಳುಕಿ, ಬಿಲ್ಲನ್ನು ಮುಟ್ಟದೆ ಬಳಸಿಕೊಂಡು ಹೋಗಿ, ಆಮೇಲೆ ನೆಟ್ಟಗಾಗುತ್ತದೆ. ಆದ್ದರಿಂದ ಬಾಣದ ಬಳುಕು ಬಿಲ್ಲಿನ ಬಲಕ್ಕೆ ಹೊಂದಬೇಕು. ಅಂಗಡಿಯವರು ಇದನ್ನೇ ಸ್ಪೈನ್ ಎನ್ನುತ್ತಾರೆ. ಬಲಗೈಯವರ ಬಾಣಗಳು ಒಂದೇ ಸಮ ಎಡಕ್ಕೆ ಹೋಗುತ್ತಿದ್ದರೆ ಬಾಣ ತೀರಾ ಸೆಟೆದಿದೆ ಎಂದರ್ಥ, ಬಲಕ್ಕಾದರೆ ತೀರಾ ಮೆದು. ಬಿಲ್ಲನ್ನು ಬೈಯಬೇಡಿ. ಇನ್ನು ಗರಿ ಹಕ್ಕಿಯದೇ ಇರಲಿ. ಬಿಲ್ಲಿಗೆ ಸವರಿದರೂ ಅದು ಮಡಚಿಕೊಂಡು ದಾಟುತ್ತದೆ. ಪ್ಲಾಸ್ಟಿಕ್ ಗರಿಯಾದರೆ ಬಡಿದು ಬಾಣವನ್ನು ಅತ್ತ ನೂಕುತ್ತದೆ.

ಬೆರಳಿಗೊಂದು ಚರ್ಮದ ಕವಚ, ಮುಂಗೈಗೊಂದು ಪಟ್ಟಿ ಬೇಕು. ಮೂರು ಬೆರಳಲ್ಲಿ ಹೆದೆ ಎಳೆಯುವ ಈಗಿನ ಪದ್ಧತಿಯಲ್ಲಿ ಏಕಲವ್ಯನ ಹೆಬ್ಬೆರಳಿಗೆ ಕೆಲಸವೇ ಇಲ್ಲ. ಹೆಬ್ಬೆರಳಿನಿಂದ ಎಳೆಯುವುದು ಏಷ್ಯಾದ ಹಳೆಯ ವಿಧಾನ. ದ್ರೋಣರು ಕೇಳಿದ್ದು ಯಾವ ಬೆರಳನ್ನೆಂದು ಗೊತ್ತಿದ್ದೇ ಕೇಳಿದ್ದರು.

ಹಳೆಯ ಬಿಲ್ಲು ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ, ಪರೀಕ್ಷಿಸಿ. ಹೆದೆಯೇರಿಸಿ ಒಂದು ತುದಿಯಿಂದ ಕಣ್ಣುಹಾಯಿಸಿದರೆ ಹೆದೆ ಎರಡೂ ರೆಕ್ಕೆಗಳ ನಟ್ಟನಡುವೆ ಹಾದಿರಬೇಕು. ಒಂದಿಷ್ಟು ಹತ್ತಿಯನ್ನು ಬಿಲ್ಲಿನುದ್ದಕ್ಕೂ ಸವರಿ. ಕಣ್ಣಿಗೆ ಕಾಣದ ಬಿರುಕಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ಬಹಳ ದಿನ ಸುಮ್ಮನಿದ್ದ ಮರದ ಬಿಲ್ಲನ್ನು ಒಮ್ಮೆಲೇ ಪೂರ್ತಿ ಎಳೆಯಬಾರದು, ಸ್ವಲ್ಪಸ್ವಲ್ಪವಾಗಿ ಪಳಗಿಸಬೇಕು. ಜನಕರಾಜ ಎಂಟು ಗಾಲಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟಿದ್ದ ಬಿಲ್ಲನ್ನು ಶ್ರೀರಾಮ ಒಂದೇ ಎಳೆತಕ್ಕೆ ಎಳೆದಾಗ ಏನಾಯಿತೆಂದು ಎಲ್ಲರಿಗೂ ಗೊತ್ತು.

ನಾನೊಂದು ಬಿಲ್ಲು ಮುರಿದದ್ದು ಬೇರೆಯೇ ರೀತಿಯಲ್ಲಿ. ಹೈಸ್ಕೂಲಿನಲ್ಲಿದ್ದಾಗ ಚಪ್ಪರದ ಗಳ ಸೀಳಿ ಮಾಡಿದ್ದು. ಠೇಂಕಾರ ಕೇಳುವ ಚಪಲಕ್ಕೆ ಬಾಣವಿಲ್ಲದೆ ಹೆದೆ ಎಳೆದು ಬಿಟ್ಟೆ. ಮೂರನೆಯ ಸಲಕ್ಕೆ ಮೇಲಿನ ರೆಕ್ಕೆ ಸೀಳಿ ಕೆನ್ನೆಗೆ ಬಡಿಯಿತು. ಬಾಣ ಹೊತ್ತುಕೊಂಡು ಹೋಗಬೇಕಾದ ಶಕ್ತಿಗೆ ದಾರಿ ಇಲ್ಲದಿದ್ದರೆ ಅದು ಬಿಲ್ಲಿನೊಳಗೇ ತಿರುಗಿ ಬರುತ್ತದೆ. ಎಂಥ ದುಬಾರಿ ಬಿಲ್ಲೂ ಇದನ್ನು ತಡೆಯದು. ತೀರಾ ಹಗುರ ಬಾಣ ಹೂಡಿದರೂ ಅರ್ಧ ಅದೇ ಕಥೆ.

ಹುಡುಗ ಕೊನೆಗೆ 66 ಅಂಗುಲದ, 28 ಪೌಂಡಿನ ಬಿದಿರಿನ ಬಿಲ್ಲು ಕೊಂಡ. ಆರು ಬಾಣ, ಕವಚ, ಪಟ್ಟಿ ಸೇರಿ ಹತ್ತು ಸಾವಿರದೊಳಗೇ ಮುಗಿಯಿತು. ನೀವೂ ಕೊಳ್ಳಲು ಹೋದಾಗ ಹೆದೆಯನ್ನು ಎಳೆದು ನೋಡಿ, ಎಳೆದಷ್ಟೇ ನಿಧಾನವಾಗಿ ವಾಪಸು ತನ್ನಿ. "ಪರವಾಗಿಲ್ಲ ಸಾರ್, ಸುಮ್ನೆ ಬಿಟ್ಟು ನೋಡಿ" ಎಂದು ಅಂಗಡಿಯವನು ಹೇಳಿದರೆ ಅಲ್ಲಿ ಬಿಲ್ಲು ಕೊಳ್ಳಬೇಡಿ. ಅವನ ಅಂಗಡಿಯ ಬಿಲ್ಲುಗಳನ್ನು ನಿಮಗಿಂತ ಮೊದಲು ಬಂದವರೂ ಹಾಗೇ ಬಿಟ್ಟು ನೋಡಿರುತ್ತಾರೆ.