ಹನ್ನೊಂದು ವರ್ಷದ ಸವೆತಕ್ಕೆ ಯಾರು ಹೊಣೆ?

ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಹನ್ನೊಂದು ವರ್ಷ ಬಾಡಿಗೆಗಿದ್ದ ಕನ್ನಡಿಗ ಕುಟುಂಬವೊಂದು ಕಳೆದ ಚಳಿಗಾಲದಲ್ಲಿ ಸ್ವಂತ ಮನೆ ಕೊಂಡು ಹೊರಟಿತು. ಅವರು ಬೀಗದ ಕೈ ಒಪ್ಪಿಸಿದ ಸಂಜೆ ಖಾಲಿ ಮನೆಯಲ್ಲಿ ನಿಂತು ಹಾನಿಗಳ ಪಟ್ಟಿ ಬರೆದೆ. ಮಾಸಿದ ಕಾರ್ಪೆಟ್ಟಿಗೆ 1,200 ಡಾಲರ್, ಒಗ್ಗರಣೆಯ ಹೊಗೆಗೆ ಹಳದಿಯಾದ ಗೋಡೆಗಳ ಬಣ್ಣಕ್ಕೆ 800, ಬಿಸಿಲಿಗೆ ಶಿಥಿಲವಾದ ಕಿಟಕಿಯ ಬ್ಲೈಂಡುಗಳಿಗೆ 230, ಬಿರುಕುಬಿಟ್ಟ ಒಲೆಯ ಗಾಜಿಗೆ 300, ದೇವರ ಗೂಡಿಗಾಗಿ ಕೊರೆದ ದೊಡ್ಡ ರಂಧ್ರಗಳಿಗೆ 120. ಒಟ್ಟು 2,650. ಅವರು ಇಟ್ಟಿದ್ದ ಠೇವಣಿ 2,100.

“ಯುಗಾದಿ ಊಟಕ್ಕೆ ಅವರೆದುರೇ ಕೂರಬೇಕು, ನೆನಪಿರಲಿ” ಎಂದರು ನನ್ನ ಶ್ರೀಮತಿ.

ದಾಕ್ಷಿಣ್ಯದ ಮಾತು ಒತ್ತಟ್ಟಿಗಿರಲಿ, ಕಾನೂನೇ ನನ್ನ ಪಟ್ಟಿಯನ್ನು ಒಪ್ಪುತ್ತಿರಲಿಲ್ಲ. ನ್ಯೂಜೆರ್ಸಿಯಲ್ಲಿ ಆರಂಭದ ಠೇವಣಿ ಒಂದೂವರೆ ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ಅದನ್ನು ಬಡ್ಡಿ ಬರುವ ಖಾತೆಯಲ್ಲಿಡಬೇಕು. ಒಪ್ಪಂದ ಮುಗಿದ 30 ದಿನಗಳೊಳಗೆ, ಕಡಿತಗಳ ವಿವರವಾದ ಪಟ್ಟಿಯೊಂದಿಗೆ ಉಳಿದ ಹಣ ಮರಳಿಸಬೇಕು. ಅನ್ಯಾಯವಾಗಿ ಹಿಡಿದಿಟ್ಟರೆ ನ್ಯಾಯಾಲಯ ಅದರ ಇಮ್ಮಡಿ ಕೊಡಿಸಬಲ್ಲದು. ನೆರೆಯ ನ್ಯೂಯಾರ್ಕಿನಲ್ಲಿ 2019ರ ಕಾಯ್ದೆಯ ನಂತರ ಠೇವಣಿಯ ಮಿತಿ ಒಂದೇ ತಿಂಗಳ ಬಾಡಿಗೆ. ಅಲ್ಲಿ ಲೆಕ್ಕ ಒಪ್ಪಿಸಲು 14 ದಿನ. ಸಹಜ ಬಳಕೆಯ ಸವೆತಕ್ಕೆ ಎರಡೂ ಕಡೆ ಹಣ ಕೇಳುವಂತಿಲ್ಲ.

ಸಹಜ ಸವೆತ ಯಾವುದು, ಹಾನಿ ಯಾವುದು? ವೈದ್ಯನಾದ ನನಗೆ ಈ ಪ್ರಶ್ನೆ ಹೊಸದಲ್ಲ. ಅರವತ್ತು ದಾಟಿದವರ ಮೊಣಕಾಲಿನ ಕ್ಷ-ಕಿರಣ ಚಿತ್ರದಲ್ಲಿ ಸವೆದ ಕೀಲು ಕಂಡರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುತ್ತೇವೆ; ಮೂಳೆ ಮುರಿದಿದ್ದರೆ ಬಿದ್ದದ್ದು ಹೇಗೆಂದು ಕೇಳುತ್ತೇವೆ. ಪಟ್ಟಿಯನ್ನು ಅದೇ ಕಣ್ಣಿನಿಂದ ಮತ್ತೆ ನೋಡಿದೆ.

ಕಾರ್ಪೆಟ್ಟು ಹಾಕಿಸಿ ಹನ್ನೆರಡು ವರ್ಷವಾಗಿತ್ತು. ಬಾಡಿಗೆಮನೆಯ ಕಾರ್ಪೆಟ್ಟು, ಒಲೆಗಳ ಸವಕಳಿಗೆ ಅಮೆರಿಕದ ತೆರಿಗೆ ಇಲಾಖೆ ಗೊತ್ತುಮಾಡಿರುವ ಅವಧಿ ಐದು ವರ್ಷ. ಅದರ ಬೆಲೆಯನ್ನು ಸವಕಳಿಯೆಂದು ತೋರಿಸಿ ತೆರಿಗೆ ವಿನಾಯಿತಿಯನ್ನು ನಾನು ಎಂದೋ ಪಡೆದಾಗಿತ್ತು. ಬಾಡಿಗೆಯೂ ತಿಂಗಳು ತಪ್ಪದೆ ಬಂದಿತ್ತು. ಮೂರನೆಯ ಸಲ ಅದೇ ಕಾರ್ಪೆಟ್ಟಿನಿಂದ ಹಣ ಎತ್ತಲು ಹೊರಟಿದ್ದೆ! ಬಣ್ಣ, ಬ್ಲೈಂಡುಗಳ ಕಥೆಯೂ ಇದೇ. ಮೂರನ್ನೂ ಹೊಡೆದುಹಾಕಿದೆ.

ಒಲೆಯ ಗಾಜು ಮಾತ್ರ ಭಾರವಾದ ಪಾತ್ರೆ ಬಿದ್ದು ಒಡೆದಿತ್ತು. ಒಲೆಗೆ ಎರಡೇ ವರ್ಷ. ಐದರಲ್ಲಿ ಉಳಿದದ್ದು ಮೂರು ವರ್ಷವಾದ್ದರಿಂದ 300ರಲ್ಲಿ 180 ಡಾಲರ್ ಹಿಡಿದೆ. ಚಿತ್ರಪಟ ತೂಗುಹಾಕಿದ ಸಣ್ಣ ಮೊಳೆಗಳ ಗುರುತನ್ನು ಬಿಟ್ಟು, ದೇವರ ಗೂಡಿನ ರಂಧ್ರ ಮುಚ್ಚಿಸಿದ ಕೂಲಿ 120 ಸೇರಿಸಿದೆ. ರಸೀದಿ, ಛಾಯಾಚಿತ್ರಗಳೊಡನೆ ಉಳಿದ 1,800 ಡಾಲರನ್ನೂ ಬಡ್ಡಿಯನ್ನೂ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದೆ.

ಮೂರು ದಿನಕ್ಕೆ ಫೋನು ಬಂತು. “ಒಲೆಯದ್ದು ಸರಿ ಡಾಕ್ಟರೇ. ದೇವರ ಗೂಡಿಗೂ ಲೆಕ್ಕವೇ?” ಎಂದರು ಅವರು. ಕೋಪಕ್ಕಿಂತ ನೋವೇ ಹೆಚ್ಚಾಗಿದ್ದ ದನಿ. ಒಂದು ಕ್ಷಣ ಆ 120ನ್ನೂ ಬಿಟ್ಟುಬಿಡೋಣವೆನ್ನಿಸಿತು. ಆದರೆ ಅನ್ಯಭಾಷಿಕ ಬಾಡಿಗೆದಾರ ಅಂಥ ರಂಧ್ರ ಕೊರೆದಿದ್ದರೆ ನಾನು ಹಿಂಜರಿಯುತ್ತಿರಲಿಲ್ಲ. “ಗೂಡಿಗಲ್ಲ, ಗೋಡೆಗೆ” ಎಂದೆ. ಅವರು ಮರುಮಾತಾಡದೆ ಫೋನಿಟ್ಟರು. ಯುಗಾದಿಯ ಪಂಕ್ತಿಯಲ್ಲಿ ಒಬ್ಬಟ್ಟಿನ ತಟ್ಟೆಯನ್ನು ನನ್ನತ್ತ ಸರಿಸಿದವರು ಅವರೇ. ಠೇವಣಿಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ, ಬ್ರೂಕ್ಲಿನ್ನಿನಲ್ಲಿ ರೆಸಿಡೆನ್ಸಿ ಮುಗಿಸಿ ಮನೆ ಬಿಟ್ಟಾಗ, ನನ್ನ ಇಡೀ ಠೇವಣಿಯನ್ನು ಮಾಲೀಕರೊಬ್ಬರು ಒಂದು ಚೀಟಿಯನ್ನೂ ಕೊಡದೆ ಉಳಿಸಿಕೊಂಡಿದ್ದರು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಬಿಟ್ಟುಬರುವ ರೂಢಿ ಕಂಡಿದ್ದ ನನಗೆ ಕೇಳಬೇಕೆಂದೇ ತೋಚಲಿಲ್ಲ.

ಇಲ್ಲಿಗೆ ಬರಲಿರುವ ಕಿರಿಯರು ಕೇಳಬೇಕು. ಮನೆ ಹೊಕ್ಕ ದಿನವೇ ಪ್ರತಿ ಕೋಣೆಯ ದಿನಾಂಕಸಹಿತ ಚಿತ್ರ ತೆಗೆದಿಡಿ. ಗೋಡೆ ಕೊರೆಯುವ ಮುನ್ನ ಲಿಖಿತ ಅನುಮತಿ ಪಡೆಯಿರಿ. ಬಿಡುವಾಗ ಹೊಸ ವಿಳಾಸವನ್ನು ಬರೆದು ಕೊಡಿ. ಕಡಿತದ ಪಟ್ಟಿ ಬಂದರೆ ಪ್ರತಿ ವಸ್ತುವಿನ ವಯಸ್ಸೆಷ್ಟೆಂದು ವಿಚಾರಿಸಿ. ಮುಂದೊಮ್ಮೆ ನೀವೇ ಮನೆಯೊಡೆಯರಾದಾಗ, ಆ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ.