ಸ್ಪೀಡ್ ಹೆಚ್ಚಿತು, ಡೇಟಾ ಎಷ್ಟಿದೆ?

ಮನೆಗೆ ಇಂಟರ್‌ನೆಟ್ ಹಾಕಿಸುವಾಗ ನೀವು ಏನೇನು ವಿಚಾರಿಸಿದ್ದೀರಿ? ಹೆಚ್ಚಿನ ಮನೆಗಳಲ್ಲಿ ಕೇಳುವುದು ಎರಡೇ ಪ್ರಶ್ನೆ. ತಿಂಗಳಿಗೆ ಎಷ್ಟು? ಸ್ಪೀಡ್ ಎಷ್ಟು? ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ಕಡಿಮೆ, ತಾವಾಗಿಯೇ ಹೇಳುವವರು ಇನ್ನೂ ಕಡಿಮೆ. "ಈ ಸ್ಪೀಡ್ ಎಷ್ಟು ಜಿಬಿಯ ತನಕ ಸಿಗುತ್ತದೆ?"

ಸಹೋದರಿಯರೇ, ಸ್ಪೀಡ್ ಬೇರೆ, ಡೇಟಾ ಬೇರೆ. ಹೊಸಪೇಟೆ, ಕಂಪ್ಲಿ ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದ ದಿನಗಳು ನಿಮಗೆ ನೆನಪಿರಬಹುದು. ನೀರು ರಭಸದಿಂದ ಹೊರಗೆ ಹರಿಯಿತು. ಆದರೆ ರಭಸ ಹೆಚ್ಚಿದ ಮಾತ್ರಕ್ಕೆ ಅಣೆಕಟ್ಟಿನ ನೀರು ಹೆಚ್ಚಿತೇ? ಇಲ್ಲ, ಅದು ಬೇಗನೆ ಇಳಿಯಿತು. ರೈತರ ಆತಂಕವೂ ಅದೇ ಆಗಿತ್ತು. ಮನೆಯ ಇಂಟರ್‌ನೆಟ್‌ನಲ್ಲಿ ಎಂಬಿಪಿಎಸ್ ಎಂದರೆ ಹರಿಯುವ ರಭಸ, ಜಿಬಿ ಎಂದರೆ ಸಂಗ್ರಹದಲ್ಲಿರುವ ನೀರು. ಜಾಹೀರಾತಿನಲ್ಲಿ ರಭಸವನ್ನು ದಪ್ಪ ಅಕ್ಷರದಲ್ಲೂ ಸಂಗ್ರಹವನ್ನು ನಕ್ಷತ್ರ ಚಿಹ್ನೆಯ ಕೆಳಗೆ ಸಣ್ಣ ಅಕ್ಷರದಲ್ಲೂ ಬರೆಯುವುದು ಹಳೆಯ ಪದ್ಧತಿ.

ಎಷ್ಟು ಹಳೆಯದು ಗೊತ್ತೇ? ಬಿಎಸ್‌ಎನ್‌ಎಲ್ 'ಡೇಟಾಒನ್' ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿದ್ದು 2005ರ ಜನವರಿಯಲ್ಲಿ. ಆಗ ಸಾಮಾನ್ಯ ಮನೆಗಳಿಗೆ ಸಿಗುತ್ತಿದ್ದ ವೇಗ 256 ಕೆಬಿಪಿಎಸ್. 2007ರ ಜನವರಿಯಿಂದ ಹೆಚ್ಚು ಹಣವಿಲ್ಲದೆಯೇ ಆ ವೇಗವನ್ನು 2 ಎಂಬಿಪಿಎಸ್‌ಗೆ ಏರಿಸಲಾಯಿತು. ಸಂತೋಷದ ಸುದ್ದಿಯೇ. ಆದರೆ ಅಗ್ಗದ ಪ್ಲಾನ್‌ಗಳಲ್ಲಿ ತಿಂಗಳಿಗೆ ಇಷ್ಟೇ ಡೇಟಾ ಎಂಬ ಮಿತಿ ಇತ್ತು. ಅದು ಮೀರಿದರೆ ಒಂದೊಂದು ಎಂಬಿಗೂ ಬೇರೆ ದರ.

ಲೆಕ್ಕ ಹಾಕಿ ನೋಡೋಣ. ಎಂಬಿಪಿಎಸ್ ಎಂದು ಹೇಳುವ ಸಂಖ್ಯೆಯನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಎಂಬಿ ಇಳಿಯುತ್ತದೆಂದು ಗೊತ್ತಾಗುತ್ತದೆ. (ಬಿಟ್ ಬೇರೆ, ಬೈಟ್ ಬೇರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂಗಡಿಯವರಲ್ಲೂ ಅನೇಕರಿಗೆ ಈ ವ್ಯತ್ಯಾಸ ತಿಳಿದಿರುವುದಿಲ್ಲ.) 256 ಕೆಬಿಪಿಎಸ್‌ನಲ್ಲಿ ಬಿಡದೆ ಡೌನ್‌ಲೋಡ್ ಮಾಡಿದರೂ 1 ಜಿಬಿ ಮುಗಿಯಲು ಎಂಟೂವರೆ ಗಂಟೆಗಿಂತ ಹೆಚ್ಚು ಬೇಕು. 2 ಎಂಬಿಪಿಎಸ್‌ನಲ್ಲಿ ಒಂದು ಗಂಟೆ ಏಳು ನಿಮಿಷ ಸಾಕು! ಕೆಲವು ಪ್ಲಾನ್‌ಗಳಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಮಿತಿಯಿಲ್ಲದ ಬಳಕೆ ಇತ್ತು. ಅದಕ್ಕಾಗಿ ಅಲಾರಂ ಇಟ್ಟು ಎದ್ದು ಕಂಪ್ಯೂಟರ್ ಹಚ್ಚುತ್ತಿದ್ದ ಹುಡುಗರು ಈಗ ಮಕ್ಕಳ ತಂದೆಯರಾಗಿದ್ದಾರೆ.

"ನಾವು ನೋಡುವುದು ಮೊದಲಿನಷ್ಟೇ. ಸ್ಪೀಡ್ ಹೆಚ್ಚಾದರೆ ಡೇಟಾ ಯಾಕೆ ಹೆಚ್ಚು ಖರ್ಚಾಗಬೇಕು?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ಸಂದೇಶ, ಒಂದು ಫೋಟೋ ಯಾವ ವೇಗದಲ್ಲಿ ಬಂದರೂ ಅದರ ತೂಕ ಒಂದೇ. ವೀಡಿಯೋದ ಕಥೆ ಹಾಗಲ್ಲ. ಲೈನ್ ಎಷ್ಟು ವೇಗವಾಗಿದೆ ಎಂದು ವೀಡಿಯೋ ಆ್ಯಪ್‌ಗಳು ತಾವೇ ಅಳೆಯುತ್ತವೆ. ವೇಗ ಕಂಡರೆ ಚಿತ್ರವನ್ನು ಹೆಚ್ಚು ಸ್ಪಷ್ಟವಾಗಿ ಕಳಿಸುತ್ತವೆ. ನೆಟ್‌ಫ್ಲಿಕ್ಸ್ ತಾನೇ ಹೇಳುವ ಪ್ರಕಾರ ಸಾಧಾರಣ ಗುಣಮಟ್ಟದಲ್ಲಿ ಗಂಟೆಗೆ 1 ಜಿಬಿಯವರೆಗೆ, ಎಚ್‌ಡಿಯಲ್ಲಿ 3 ಜಿಬಿಯವರೆಗೆ, 4ಕೆಯಲ್ಲಿ 7 ಜಿಬಿಯವರೆಗೆ ಖರ್ಚಾಗುತ್ತದೆ. ನೋಡಿದ್ದು ಅದೇ ಅಡುಗೆ ಕಾರ್ಯಕ್ರಮ, ಅದೇ ಒಂದು ಗಂಟೆ. ಖರ್ಚು ಮಾತ್ರ ಏಳು ಪಟ್ಟು! ಚಿತ್ರ ಹೆಚ್ಚು ಸ್ಪಷ್ಟವಾದಷ್ಟೂ ಈ ಖರ್ಚು ಏರುತ್ತದೆ. ಯಾರೂ ನೋಡದಿದ್ದರೂ ಒಂದರ ಹಿಂದೆ ಒಂದು ಓಡುವ ವೀಡಿಯೋಗಳು, ಫೋನ್‌ನ ಅಪ್‌ಡೇಟ್‌ಗಳು, ಹಗಲಿರುಳೂ ಚಿತ್ರ ಕಳಿಸುವ ಸಿಸಿಟಿವಿ ಬೇರೆ. ಇಳಿಸಿಕೊಂಡದ್ದು ಮಾತ್ರವಲ್ಲ, ಕಳಿಸಿದ್ದೂ ಸಾಮಾನ್ಯವಾಗಿ ಲೆಕ್ಕಕ್ಕೆ ಸೇರುತ್ತದೆ.

'ಅನ್‌ಲಿಮಿಟೆಡ್' ಎಂಬ ಪದದ ಹಿಂದೆಯೂ ಬಹಳ ಕಾಲ ಒಂದು ಮಿತಿ ಅಡಗಿತ್ತು. ಅದಕ್ಕೆ 'ಫೇರ್ ಯೂಸೇಜ್ ಪಾಲಿಸಿ' ಎಂದು ಹೆಸರು. ಇದರಲ್ಲಿ ಹೆಚ್ಚುವರಿ ಬಿಲ್ ಬರುವುದಿಲ್ಲ, ನಿಗದಿತ ಜಿಬಿ ಮುಗಿದೊಡನೆ ವೇಗ ಕುಸಿಯುತ್ತದೆ. ಗ್ರಾಹಕನಿಗೆ ಕಾಣುವುದು "ನೆಟ್ ಸರಿಯಿಲ್ಲ" ಎಂಬುದಷ್ಟೇ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2012ರಲ್ಲಿ ಇದಕ್ಕೆ ಕಡಿವಾಣ ಹಾಕಿತು. ಎಷ್ಟು ಜಿಬಿಯವರೆಗೆ ಯಾವ ವೇಗ, ಆಮೇಲೆ ಯಾವ ವೇಗ ಎಂಬುದನ್ನು ಕಂಪನಿಗಳು ಸ್ಪಷ್ಟವಾಗಿ ತಿಳಿಸಬೇಕು, ಮಿತಿ ಮುಟ್ಟುವಾಗ ಗ್ರಾಹಕರಿಗೆ ಸೂಚನೆ ಕೊಡಬೇಕು ಎಂದಿತು. ಮಿತಿ ದಾಟಿದ ಮೇಲೂ ಮನೆಯ ಬ್ರಾಡ್‌ಬ್ಯಾಂಡ್ ವೇಗ 512 ಕೆಬಿಪಿಎಸ್‌ಗಿಂತ ಕೆಳಗಿಳಿಯಬಾರದು ಎಂದು 2016ರಲ್ಲಿ ಹೇಳಿತು. ಆದರೆ 512ರಲ್ಲಿ ನಡೆಯುವುದೇನು? ವಾಟ್ಸ್‌ಆ್ಯಪ್ ಸಂದೇಶ ಬರುತ್ತದೆ. ಪಿಯುಸಿ ಓದುವ ಮಗಳ ಆನ್‌ಲೈನ್ ಕ್ಲಾಸ್‌ನಲ್ಲಿ ಮೇಷ್ಟ್ರ ಮುಖ ಅಲ್ಲಲ್ಲೇ ನಿಂತುಬಿಡುತ್ತದೆ. ತಮ್ಮಂದಿರ ಕಾರ್ಟೂನಿನಿಂದ ಡೇಟಾ ಮುಗಿದರೂ ನಷ್ಟ ಅವಳಿಗೆ.

2019ರ ಸೆಪ್ಟೆಂಬರಿನಲ್ಲಿ ಜಿಯೋಫೈಬರ್ 699 ರೂಪಾಯಿಗೆ 100 ಎಂಬಿಪಿಎಸ್ ಎಂದು ಬಂದಾಗ ಎಲ್ಲರೂ ಬೆರಗಾದರು. ಅದರಲ್ಲಿದ್ದ ಡೇಟಾ 100 ಜಿಬಿ, ಮೇಲೆ 50 ಜಿಬಿ ಕೊಡುಗೆ. ಪೂರ್ಣ ವೇಗದಲ್ಲಿ ಬಳಸಿದರೆ ಈ 150 ಜಿಬಿ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಖಾಲಿ! ಎಚ್‌ಡಿ ಸಿನಿಮಾ ನೋಡಿದರೆ ದಿನಕ್ಕೆ ಒಂದು ಗಂಟೆ ನಲವತ್ತು ನಿಮಿಷ.

ಕೋವಿಡ್ ಕಾಲದಲ್ಲಿ ಮಕ್ಕಳ ಶಾಲೆಯೇ ಮೊಬೈಲಿಗೆ ಬಂದ ಮೇಲೆ ಈ ಲೆಕ್ಕ ಬದಲಾಯಿತು. 2020ರಲ್ಲಿ ಜಿಯೋ 399, ಬಿಎಸ್‌ಎನ್‌ಎಲ್ 449, ಏರ್‌ಟೆಲ್ 499 ರೂಪಾಯಿಯ ಪ್ಲಾನ್‌ಗಳನ್ನು ತಂದವು. ಅವುಗಳ ಮಿತಿ ತಿಂಗಳಿಗೆ 3300 ಜಿಬಿ. ಒಂದು ಟಿವಿಯನ್ನು ಹಗಲು ರಾತ್ರಿ ಎಚ್‌ಡಿಯಲ್ಲಿ ಹಚ್ಚಿಟ್ಟರೂ ಅಷ್ಟು ಮುಗಿಯದು. ಹಾಗಾಗಿ ಇಂಥ ಪ್ಲಾನ್ ಇರುವವರು ಮಿತಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಚಿಂತಿಸಬೇಕಾದವರು ಕಡಿಮೆ ಮಿತಿಯ ಪ್ಲಾನ್ ಪಡೆದವರು ಹಾಗೂ ಸಂಡೂರಿನ ಗುಡ್ಡಗಳ ನಡುವಿನ ಊರುಗಳಂತೆ ತಂತಿ ಎಳೆಯುವುದೇ ಕಷ್ಟವಾದ ಕಡೆ ಸಿಮ್ ಹಾಕುವ ರೂಟರ್ ಅಥವಾ ಆಂಟೆನಾ ಮೂಲಕ ನೆಟ್ ಪಡೆಯುವವರು. ಅಂಥ ಸಂಪರ್ಕಗಳಲ್ಲಿ ಮಿತಿ ಸಾಮಾನ್ಯವಾಗಿ ಫೈಬರ್‌ಗಿಂತ ಕಡಿಮೆ. ಹಂಪಿ, ಕಮಲಾಪುರದಲ್ಲಿ ಮನೆಯ ಕೋಣೆಯನ್ನು ಪ್ರವಾಸಿಗರಿಗೆ ಕೊಡುವವರೂ ಷರತ್ತುಗಳನ್ನು ಓದಿಕೊಳ್ಳಬೇಕು. ಮನೆಬಳಕೆಯ ಪ್ಲಾನನ್ನು ವ್ಯಾಪಾರಕ್ಕೆ ಬಳಸಬಾರದು ಎಂಬ ಷರತ್ತು ಇರುವುದುಂಟು. ಪ್ರತಿಯೊಬ್ಬ ಅತಿಥಿಗೂ ವೈಫೈ ಪಾಸ್‌ವರ್ಡ್ ಕೊಟ್ಟರೆ ಡೇಟಾ ಹೋದದ್ದು ಎಲ್ಲಿಗೆಂದು ತಿಳಿಯುವುದೂ ಇಲ್ಲ.

ಮುಂದಿನ ಬಾರಿ ರೀಚಾರ್ಜ್ ಮಾಡುವ ಮೊದಲು ಮನೆಯವರ ಕೈಯಲ್ಲಿ ಈ ಪ್ರಶ್ನೆಗಳನ್ನು ಬರೆದು ಕಳಿಸಿ, ಇಲ್ಲವೇ ನೀವೇ ಫೋನ್ ಮಾಡಿ ಕೇಳಿ. ಮಿತಿ ಎಷ್ಟು ಜಿಬಿ? ಮುಗಿದ ಮೇಲೆ ವೇಗ ಎಷ್ಟು? ಹೇಳಿದ ದರಕ್ಕೆ ಶೇ. 18 ಜಿಎಸ್‌ಟಿ ಸೇರಿದೆಯೇ? (449 ಎಂದವರು 530 ರೂಪಾಯಿ ಪಡೆಯುವುದು ಇದರಿಂದಲೇ.) ಈ ದರ ಎಷ್ಟು ತಿಂಗಳಿಗೆ? ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಲು ಹೇಳಿ, ಬಾಯಿಮಾತು ಸಾಲದು. ಮನೆಯ ಟಿವಿ ಮತ್ತು ಫೋನ್‌ಗಳಲ್ಲಿ ವೀಡಿಯೋದ ಗುಣಮಟ್ಟವನ್ನು 480ಕ್ಕೆ ಇಳಿಸಿ, ತಾನಾಗಿ ಓಡುವ ವೀಡಿಯೋಗಳನ್ನು ನಿಲ್ಲಿಸಿ. ಸಣ್ಣ ಪರದೆಯಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ಹೇಳಿದ್ದಕ್ಕಿಂತ ಮೊದಲೇ ವೇಗ ಕುಸಿದರೆ ಕಂಪನಿಯ ದೂರು ಕೇಂದ್ರಕ್ಕೆ ಕರೆ ಮಾಡಿ ಡಾಕೆಟ್ ನಂಬರ್ ಕೇಳಿ ಪಡೆಯಿರಿ. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರವಿದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಟೆಲಿಕಾಂ ಕಂಪನಿಗಳ ವಿರುದ್ಧ ಗ್ರಾಹಕರ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ತಳ್ಳಿಹಾಕಿದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುವಾಗ ಆ ಡಾಕೆಟ್ ನಂಬರ್, ವಾಟ್ಸ್‌ಆ್ಯಪ್ ಉತ್ತರ, ಬಿಲ್ಲು ಮೂರೂ ನಿಮ್ಮ ಬಳಿ ಇರಲಿ.